ಮೈಸೂರಿನ ಜಾವಾ, ಥಾಣೆಯ ಗಾಳಿ

ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರ ತನಕ ಐಡಿಯಲ್ ಜಾವಾ ಎಂಬ ಕಾರ್ಖಾನೆ ಮೋಟಾರ್‌ಸೈಕಲ್ ತಯಾರಿಸುತ್ತಿತ್ತು. ಜೆಕೊಸ್ಲೊವಾಕಿಯದ ಕಂಪನಿಯ ಪರವಾನಗಿಯಲ್ಲಿ ಮೊದಲು ಜಾವಾ ಎಂದೂ 1973ರಿಂದ ಯೆಜ್ಡಿ ಎಂದೂ ಅವು ಮಾರಾಟವಾದವು. ಮೈಸೂರಿನವರು ಅದನ್ನು ನಮ್ಮೂರ ಗಾಡಿ ಅನ್ನುತ್ತಾರೆ, ಸರಿಯೇ. ಆದರೆ ಅದರ ಹುಟ್ಟಿನಲ್ಲಿ ಮುಂಬಯಿಗೂ ಪಾಲುಂಟು. ಸ್ಥಾಪಕರಲ್ಲಿ ಒಬ್ಬರಾದ ರುಸ್ತುಂ ಇರಾನಿ ಅದಕ್ಕೂ ಮುಂಚೆ ಮುಂಬಯಿಗೆ ಜಾವಾ ತರಿಸಿ ಮಾರುತ್ತಿದ್ದವರು. ಅವರ ಮಗ ಬೊಮನ್ ಇರಾನಿ ಈಗ ಕಟ್ಟಡ ಉದ್ಯಮಿ; ಥಾಣೆಯ ಮಜಿವಾಡದಲ್ಲಿ ಎದ್ದಿರುವ ಅರ್ಬೇನಿಯಾ ಬಡಾವಣೆ ಅವರ ಸಂಸ್ಥೆಯದೇ. 2018ರಲ್ಲಿ ಜಾವಾ ಹೆಸರನ್ನು ಮತ್ತೆ ರಸ್ತೆಗೆ ತಂದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯಲ್ಲೂ ಅವರು ಪಾಲುದಾರರು.

ಮುಂಬಯಿ ಸುತ್ತಲಿನ ಡೊಂಬಿವಲಿ, ಕಲ್ಯಾಣ್, ವಾಶಿ ಕಡೆಯ ಕನ್ನಡಿಗರ ಮನೆಗಳಲ್ಲಿ ಹಳೆ ಜಾವಾ ಇದ್ದರೆ ಒಂದೋ ಅಪ್ಪ ಇಲ್ಲೇ ಕೊಂಡು ಕಂಪನಿಗೆ ಓಡಿಸಿದ್ದು, ಇಲ್ಲವೇ ಊರಿನಲ್ಲಿ ಮಾವನೋ ದೊಡ್ಡಪ್ಪನೋ ಬಿಟ್ಟುಹೋದದ್ದನ್ನು ರೈಲ್ವೆ ಪಾರ್ಸೆಲ್‌ನಲ್ಲಿ ಹಾಕಿ ತಂದದ್ದು. ಹಾಗೆ ಬಂದದ್ದು ಸೊಸೈಟಿಯ ಮೀಟರ್ ಪೆಟ್ಟಿಗೆಗಳ ಪಕ್ಕ ನಾಲ್ಕಾರು ಮಳೆಗಾಲ ನಿಲ್ಲುತ್ತದೆ. ಒಂದು ದಿನ ಮಗನಿಗೋ ಮೊಮ್ಮಗನಿಗೋ ಹುರುಪು ಬರುತ್ತದೆ, ಭಾನುವಾರ ಸ್ಪ್ಯಾನರ್ ಹಿಡಿದು ಕೂರುತ್ತಾನೆ. ಮೊದಲ ಬೋಲ್ಟೇ ತಿರುಗುವುದಿಲ್ಲ.

ಯಾಕೆ ತಿರುಗುವುದಿಲ್ಲ ಎನ್ನುವುದಕ್ಕೆ ಉತ್ತರ ಈ ಊರುಗಳ ಗಾಳಿಯಲ್ಲಿದೆ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಸಾಕು ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ಅರ್ಧ ಕಥೆ. 1930ರ ದಶಕದಲ್ಲಿ ಇಂಗ್ಲೆಂಡಿನ ವರ್ನನ್ ಎಂಬ ವಿಜ್ಞಾನಿ ತೋರಿಸಿದ ಹಾಗೆ, ಶುದ್ಧವಾದ ಗಾಳಿಯಲ್ಲಿ ತೇವ ಎಷ್ಟೇ ಹೆಚ್ಚಿದ್ದರೂ ಕಬ್ಬಿಣ ಬಹಳ ನಿಧಾನವಾಗಿ ಕೆಡುತ್ತದೆ. ಗಾಳಿಯಲ್ಲಿ ಒಂದಿಷ್ಟು ಗಂಧಕದ ಡೈಆಕ್ಸೈಡ್ ಬೆರೆತು, ತೇವಾಂಶ ಶೇಕಡಾ 60 ದಾಟಿತೋ, ತುಕ್ಕು ಒಮ್ಮೆಗೇ ನಾಗಾಲೋಟಕ್ಕೆ ಬೀಳುತ್ತದೆ. ಉಪ್ಪಿನ ಕಣಗಳಿದ್ದರೂ ಪರಿಣಾಮ ಅದೇ. ಅವು ಗಾಳಿಯ ನೀರನ್ನು ಹೀರಿ ಲೋಹದ ಮೇಲೆ ಕಣ್ಣಿಗೆ ಕಾಣದ ಒದ್ದೆ ಪೊರೆ ಕಟ್ಟುತ್ತವೆ. ಥಾಣೆ ಮತ್ತು ನವಿ ಮುಂಬಯಿಗೆ ಖಾಡಿಯ ಉಪ್ಪುಗಾಳಿ. ಡೊಂಬಿವಲಿಗೆ ಎಂಐಡಿಸಿ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳ ಹೊಗೆ. 2014ರ ಜನವರಿಯಲ್ಲಿ ಅಲ್ಲಿ ಹಸಿರು ಮಳೆ ಸುರಿದದ್ದು, 2020ರಲ್ಲಿ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿದ್ದು ಊರಿನವರಿಗೆ ನೆನಪಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ತೇವಾಂಶ 60ಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಇನ್ನು ಕಲ್ಯಾಣದಲ್ಲಿ 2005ರ ಜುಲೈ 26ರ ನೆರೆಯಲ್ಲಿ ಮುಳುಗಿದ ಗಾಡಿಗಳ ಎಂಜಿನ್ ಒಳಗೆ ಏನಿರಬಹುದು ಎಂದು ನೀವೇ ಊಹಿಸಿ. ಮೈಸೂರಿನ ಒಣ ಹವೆಯಲ್ಲಿ ಮೂವತ್ತು ವರ್ಷ ನಿಂತ ಜಾವಾಕ್ಕಿಂತ ಇಲ್ಲಿ ಹತ್ತು ವರ್ಷ ನಿಂತದ್ದು ಹೆಚ್ಚು ಹಾಳಾಗಿರುತ್ತದೆ.

ತುಕ್ಕಿಗೆ ಇನ್ನೊಂದು ಕೆಟ್ಟ ಗುಣವಿದೆ. ತಾನು ತಿಂದ ಕಬ್ಬಿಣಕ್ಕಿಂತ ಅದು ಹಲವು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ಬೋಲ್ಟು ಮತ್ತು ನಟ್ಟಿನ ಮರೆಗಳ ನಡುವೆ ಉಬ್ಬಿ ಎರಡನ್ನೂ ಬಿಗಿದು ಕೂರುತ್ತದೆ. ಬಲ ಹಾಕಿದರೆ ಬೋಲ್ಟು ತುಂಡಾಗುವುದೇ ಹೊರತು ಸಡಿಲವಾಗುವುದಿಲ್ಲ. ಡೀಸೆಲ್ಲೋ ಸೀಮೆಎಣ್ಣೆಯೋ ಬಿಟ್ಟು ಎರಡು ದಿನ ಸುಮ್ಮನಿರುವುದೇ ಜಾಣತನ.

ಬಿಚ್ಚಿದ ಕಬ್ಬಿಣದ ಬಿಡಿಭಾಗಗಳ ತುಕ್ಕು ತೆಗೆಯಲು ಮರಳು ಕಾಗದ ಹಿಡಿದು ತಿಕ್ಕಬೇಕಾಗಿಲ್ಲ, ವಿದ್ಯುತ್ತೇ ಆ ಕೆಲಸ ಮಾಡುತ್ತದೆ. ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು, ಐದು ಲೀಟರಿಗೆ ಒಂದು ದೊಡ್ಡ ಚಮಚದಷ್ಟು ವಾಷಿಂಗ್ ಸೋಡಾ. ಬ್ಯಾಟರಿ ಚಾರ್ಜರ್‌ನ ನೆಗೆಟಿವ್ ತಂತಿ ತುಕ್ಕು ಹಿಡಿದ ಭಾಗಕ್ಕೆ, ಪಾಸಿಟಿವ್ ತಂತಿ ಗುಜರಿಯಿಂದ ತಂದ ಕಬ್ಬಿಣದ ಸರಳಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಕರೆಂಟು ಹಾಯಿಸಿದ ಕೂಡಲೇ ತುಕ್ಕಿನ ಮೈಯಿಂದ ಸಣ್ಣ ಗುಳ್ಳೆಗಳು ಏಳುತ್ತವೆ, ಅದು ಜಲಜನಕ. ಕೆಂಪು ತುಕ್ಕು ಎಲೆಕ್ಟ್ರಾನ್‌ಗಳನ್ನು ಪಡೆದು ಕಪ್ಪು ಮ್ಯಾಗ್ನಟೈಟ್ ಆಗುತ್ತದೆ, ಹಿಡಿತ ಬಿಟ್ಟು ಉದುರುತ್ತದೆ. ಮಾರನೆಯ ಬೆಳಿಗ್ಗೆ ಬ್ರಷ್‌ನಿಂದ ಉಜ್ಜಿದರೆ ಬೂದು ಲೋಹ ಕಾಣುತ್ತದೆ, ಕೆಟ್ಟಿರದ ಕಬ್ಬಿಣದ ಒಂದು ಎಳೆಯೂ ಸವೆದಿರುವುದಿಲ್ಲ.

ನಾಲ್ಕು ಎಚ್ಚರಿಕೆಗಳನ್ನು ಮಾತ್ರ ಹೇಳಲೇಬೇಕು. ಪಾಸಿಟಿವ್ ಕಡೆಗೆ ಸ್ಟೀಲ್ ಚಮಚ, ತಟ್ಟೆ ಕಟ್ಟಬೇಡಿ. ಸ್ಟೇನ್‌ಲೆಸ್ ಸ್ಟೀಲಿನ ಕ್ರೋಮಿಯಂ ಕರಗಿ ಕ್ಯಾನ್ಸರ್‌ಕಾರಕ ರೂಪದಲ್ಲಿ ನೀರಿಗೆ ಸೇರುತ್ತದೆ. ಅಲ್ಯುಮಿನಿಯಂ ಭಾಗ ಹಾಕಿದರೆ ಸೋಡಾ ಅದನ್ನೇ ತಿನ್ನುತ್ತದೆ. ಸ್ಪ್ರಿಂಗು, ಗಟ್ಟಿ ಮಾಡಿದ ಬೋಲ್ಟುಗಳನ್ನೂ ಹಾಕಬಾರದು, ಜಲಜನಕ ಲೋಹದೊಳಗೆ ಇಳಿದು ಅವು ಬಳೆಯಂತೆ ಒಡೆಯುತ್ತವೆ. ಮತ್ತು ಈ ಕೆಲಸ ಮುಚ್ಚಿದ ಬಚ್ಚಲಲ್ಲಿ ಬೇಡ, ಜಲಜನಕಕ್ಕೆ ಒಂದು ಕಿಡಿ ಸಾಕು. ಹೊರತೆಗೆದ ಭಾಗವನ್ನು ಒರೆಸಿ ಒಣಗಿಸಿ ಅವತ್ತೇ ಪ್ರೈಮರ್ ಬಳಿಯಿರಿ. ಮಧ್ಯಾಹ್ನದ ಊಟ ಮುಗಿಸಿ ಮಾಡೋಣ ಎಂದರೆ ಮಳೆಗಾಲದಲ್ಲಿ ಅಷ್ಟರೊಳಗೆ ಕೆಂಪು ಛಾಯೆ ಮರಳಿರುತ್ತದೆ.

ಟ್ಯಾಂಕಿನ ಹೊಳಪಿನ ವಿಷಯ ಬೇರೆ. ಜಾವಾದ ಟ್ಯಾಂಕಿನ ಪಕ್ಕೆಗಳಲ್ಲಿ ಕಾಣುವ ಕ್ರೋಮ್ ಪದರ ಸಾಮಾನ್ಯವಾಗಿ ಅರ್ಧ ಮೈಕ್ರಾನ್‌ಗಿಂತಲೂ ತೆಳು. ನಿಜವಾಗಿ ಕಬ್ಬಿಣವನ್ನು ಕಾಯುವುದು ಅದರಡಿಯ ನಿಕಲ್. ಆ ನಿಕಲ್‌ನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ ಉಪ್ಪುಗಾಳಿ ಒಳಗಿಂದ ಕೆಲಸ ಶುರುಮಾಡುತ್ತದೆ. ಕ್ರೋಮ್ ಲೇಪನದ ದ್ರಾವಣ ಕಡುವಿಷ, ಅದನ್ನು ಮನೆಯಲ್ಲಿ ಮಾಡುವ ಯೋಚನೆಯೇ ಬೇಡ. ಬಲ್ಲವರಿಗೆ ಕೊಡಿ, ನಿಕಲ್ ದಪ್ಪ ಹಾಕಿಸಿ.

ಇನ್ನು ಎಂಜಿನ್. ಜಾವಾ 250ರದು ಟೂ ಸ್ಟ್ರೋಕ್, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. 65 ಮಿಲಿಮೀಟರ್ ಬೋರು, 75 ಮಿಲಿಮೀಟರ್ ಸ್ಟ್ರೋಕು. ಕಿಕ್ ಹೊಡೆಯುವ ಲಿವರನ್ನೇ ಮಡಚಿದರೆ ಅದೇ ಗೇರ್ ಲಿವರ್. ನನ್ನ ಮಟ್ಟಿಗೆ ಎಂಜಿನ್‌ನ ಅಸಲಿ ಸ್ವಾರಸ್ಯವಿರುವುದು ಕ್ರ್ಯಾಂಕ್‌ಕೇಸಿನಲ್ಲಿ. ಫೋರ್ ಸ್ಟ್ರೋಕ್‌ನಲ್ಲಿ ಅದು ಬರೀ ಎಣ್ಣೆ ತುಂಬಿದ ಡಬ್ಬ. ಇಲ್ಲಿ ಅದೇ ಒಂದು ಪಂಪು. ಪಿಸ್ಟನ್ ಮೇಲೆ ಹೋದಾಗ ಕೆಳಗೆ ನಿರ್ವಾತ ಹುಟ್ಟಿ ಪೆಟ್ರೋಲ್-ಗಾಳಿ-ಎಣ್ಣೆಯ ಮಿಶ್ರಣ ಒಳಗೆ ನುಗ್ಗುತ್ತದೆ. ಪಿಸ್ಟನ್ ಕೆಳಗೆ ಬಂದಾಗ ಅದು ಒತ್ತಡಕ್ಕೆ ಸಿಕ್ಕಿ ಪಕ್ಕದ ದಾರಿಗಳಿಂದ ಸಿಲಿಂಡರಿಗೆ ಏರುತ್ತದೆ. ಕ್ರ್ಯಾಂಕಿನ ಎರಡೂ ತುದಿಯ ಆಯಿಲ್ ಸೀಲುಗಳು ಈ ಪಂಪಿನ ಮುಚ್ಚಳಗಳು. ನಿಂತ ಗಾಡಿಯಲ್ಲಿ ಆ ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ. ಡೈನಮೋ ಕಡೆಯ ಸೀಲು ಸೋರಿದರೆ ಬೇಡದ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾದು ಪಿಸ್ಟನ್ ಸೀಜ್ ಆಗುತ್ತದೆ. ಕ್ಲಚ್ ಕಡೆಯದು ಸೋರಿದರೆ ಗೇರ್ ಆಯಿಲ್ ಎಳೆದು ಬಿಳಿ ಹೊಗೆ ಬಿಡುತ್ತದೆ. ಎಷ್ಟೋ ಮಂದಿ ಕಾರ್ಬುರೇಟರನ್ನು ಹತ್ತು ಸಲ ಬಿಚ್ಚಿ ಜೋಡಿಸುತ್ತಾರೆ, ತಪ್ಪು ಇರುವುದು ನೂರಿನ್ನೂರು ರೂಪಾಯಿಯ ಸೀಲಿನಲ್ಲಿ.

ಇದನ್ನು ಪರೀಕ್ಷಿಸಲು ಬಿಪಿ ನೋಡುವ ಯಂತ್ರ ಸಾಕು. ಕಾರ್ಬುರೇಟರ್ ಮತ್ತು ಸೈಲೆನ್ಸರ್ ಬಾಯಿಗಳನ್ನು ರಬ್ಬರ್ ಬಿರಡೆಯಿಂದ ಮುಚ್ಚಿ, ಒಂದು ಬಿರಡೆಯಲ್ಲಿ ನಳಿಗೆ ತೂರಿಸಿ, ಯಂತ್ರದ ರಬ್ಬರ್ ಬುಗ್ಗೆ ಮತ್ತು ಗೇಜನ್ನು ಅದಕ್ಕೆ ಜೋಡಿಸಿ. ಗೇಜಿನಲ್ಲಿ 250ರ ತನಕ ಒತ್ತಿ, ಮುಳ್ಳನ್ನು ನೋಡುತ್ತಾ ಕೂರಿ. ಎರಡು ಮೂರು ನಿಮಿಷ ಅಲ್ಲಾಡದೆ ನಿಂತರೆ ಎಂಜಿನ್ ಬಿಗಿಯಾಗಿದೆ. ಇಳಿಯಿತೋ, ಸೋಪಿನ ನೀರು ಹಚ್ಚಿ; ಗುಳ್ಳೆ ಎದ್ದ ಕಡೆ ಕಳ್ಳ ಸಿಕ್ಕ.

ಸೀಲಿನ ಜೊತೆಗೆ ಬೇರಿಂಗನ್ನೂ ಬದಲಿಸುವುದು ಒಳ್ಳೆಯದು. ಸುತ್ತಿಗೆಯಿಂದ ಹೊಡೆದರೆ ಅಲ್ಯುಮಿನಿಯಂ ಗೂಡು ಹಾಳು. ಅಲ್ಯುಮಿನಿಯಂ ಬಿಸಿಗೆ ಹಿಗ್ಗುವುದು ಉಕ್ಕಿನ ಸುಮಾರು ಎರಡು ಪಟ್ಟು. 62 ಮಿಲಿಮೀಟರ್ ವ್ಯಾಸದ ಬೇರಿಂಗಿನ ಗೂಡನ್ನು 80 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ಎರಡರ ನಡುವೆ ಸುಮಾರು 0.05 ಮಿಲಿಮೀಟರ್ ಅಂತರ ಸಿಗುತ್ತದೆ, ಅಷ್ಟೇ ಸಾಕು. ಪೆಟ್ರೋಲಿನ ವಾಸನೆಯೂ ಉಳಿಯದಂತೆ ತೊಳೆದ ಕೇಸನ್ನು ಹಳೆಯ ದೋಸೆ ಕಾವಲಿಯ ಮೇಲಿಟ್ಟು ನಿಧಾನ ಕಾಯಿಸಿ, ನೀರು ಚಿಮುಕಿಸಿದಾಗ ಸುರ್ ಎಂದರೆ ಮಗುಚಿ ತಟ್ಟಿ. ಬೇರಿಂಗ್ ತಾನಾಗಿ ಉದುರುತ್ತದೆ.

ಇಷ್ಟಾದ ಮೇಲೆ ಹುಡುಗರ ತಲೆಯಲ್ಲಿ ಏಳುವ ಮೊದಲ ಆಸೆ ಸೈಲೆನ್ಸರ್ ಕತ್ತರಿಸುವುದು. ದಯವಿಟ್ಟು ಬೇಡ. ಟೂ ಸ್ಟ್ರೋಕ್‌ನಲ್ಲಿ ಹೊಸ ಮಿಶ್ರಣ ಒಳಬರುವಾಗ ಹೊಗೆಯ ಬಾಗಿಲೂ ತೆರೆದೇ ಇರುತ್ತದೆ, ಒಂದಷ್ಟು ಪೆಟ್ರೋಲ್ ಸುಡದೆ ಹೊರಟುಹೋಗುತ್ತದೆ. ಅದನ್ನು ತಡೆಯುವುದು ಶಬ್ದದ ಅಲೆ. ಬಿಸಿ ಹೊಗೆಯಲ್ಲಿ ಅಲೆ ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ. ನಿಮಿಷಕ್ಕೆ 4,750 ಸುತ್ತಿನಲ್ಲಿ ಹೊಗೆಯ ಬಾಗಿಲು ತೆರೆದಿರುವುದು ಸೆಕೆಂಡಿನ ಸಾವಿರದಲ್ಲಿ ಐದು ಪಾಲು ಮಾತ್ರ. ಅಷ್ಟರೊಳಗೆ ಅಲೆ ಹೋಗಿ, ಬಡಿದು, ಮರಳಿ ಬಂದು ಮಿಶ್ರಣವನ್ನು ಒಳಕ್ಕೆ ದಬ್ಬಬೇಕಾದರೆ ತಿರುಗುವ ಜಾಗ ಒಂದು ಮೀಟರಿನ ಆಸುಪಾಸಿನಲ್ಲಿರಬೇಕು. ಜಾವಾದ ಉದ್ದನೆಯ ಸೈಲೆನ್ಸರ್ ರೇಸಿಂಗ್ ಪೈಪಿನಷ್ಟು ಕರಾರುವಾಕ್ಕಲ್ಲ, ಆದರೂ ಅದರ ಉದ್ದ ಬರೀ ಅಂದಕ್ಕಲ್ಲ. ಈ ವಿದ್ಯೆಯನ್ನು ಪಳಗಿಸಿದವರು ಪೂರ್ವ ಜರ್ಮನಿಯ ಎಂಝೆಡ್ ಕಂಪನಿಯ ವಾಲ್ಟರ್ ಕಾಡನ್. ಅವರ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ನಿನ ರೇಸಿನಿಂದಲೇ ದೇಶ ಬಿಟ್ಟು ಓಡಿ ಆ ಗುಟ್ಟನ್ನು ಜಪಾನಿನ ಸುಝುಕಿಗೆ ಕೊಟ್ಟ. ಮರುವರ್ಷವೇ ಸುಝುಕಿ 50 ಸಿಸಿ ವಿಶ್ವ ಚಾಂಪಿಯನ್. ದೇಶಭ್ರಷ್ಟನಾಗುವಷ್ಟು ಬೆಲೆಯ ಗುಟ್ಟನ್ನು ಗ್ಯಾಸ್ ಕಟರ್‌ನಿಂದ ಕೊಯ್ಯುವುದು ನನಗಂತೂ ತಡೆಯಲಾಗದ ಸಂಗತಿ.

ಬದಲಿಸಲೇಬೇಕೆಂದರೆ ವಿದ್ಯುತ್ತನ್ನು ಬದಲಿಸಿ. ಹಳೆಯ ಜಾವಾ 6 ವೋಲ್ಟಿನದು. 35 ವ್ಯಾಟಿನ ದೀಪ ಸುಮಾರು 6 ಆಂಪಿಯರ್ ಎಳೆಯುತ್ತದೆ. ತುಕ್ಕು ಹಿಡಿದ ಜೋಡಣೆಗಳಲ್ಲಿ 0.2 ಓಮ್ ತಡೆ ಇದ್ದರೆ 1.2 ವೋಲ್ಟ್ ಅಲ್ಲೇ ಖರ್ಚು, ಅಂದರೆ ಐದರಲ್ಲಿ ಒಂದು ಪಾಲು. ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಜೋರಾಗಿ ಕುಸಿಯುವುದರಿಂದ ಉಳಿಯುವುದು ಅರ್ಧಕ್ಕೂ ಕಡಿಮೆ ಬೆಳಕು. ಅದೇ ತಡೆ 12 ವೋಲ್ಟಿನಲ್ಲಿ ನುಂಗುವುದು ಇಪ್ಪತ್ತರಲ್ಲಿ ಒಂದು ಪಾಲು. ಘೋಡ್‌ಬಂದರ್ ರಸ್ತೆಯ ರಾತ್ರಿ ಲಾರಿಗಳ ನಡುವೆ ಈ ಲೆಕ್ಕ ಮುಖ್ಯ.

ಬಂಕಿನಲ್ಲಿ ಈಗ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್. ಪೆಟ್ರೋಲಿನ ಒಂದು ಭಾಗಕ್ಕೆ ಸುಮಾರು 14.7 ಭಾಗ ಗಾಳಿ ಬೇಕು, ಎಥನಾಲಿಗೆ 9 ಸಾಕು. ಹಾಗಾಗಿ ಕಾರ್ಬುರೇಟರಿನ ಹಳೆಯ ಜೆಟ್ಟಿನಲ್ಲಿ ಮಿಶ್ರಣ ಶೇಕಡಾ ಏಳೆಂಟು ತೆಳುವಾಗುತ್ತದೆ, ಮೇನ್ ಜೆಟ್ ಒಂದೆರಡು ಅಳತೆ ದೊಡ್ಡದು ಹಾಕಬೇಕು. ಎಥನಾಲ್ ಹಳೆ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವ ಹೀರುತ್ತದೆ. ಮಳೆಗಾಲಕ್ಕೆ ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್ ಮತ್ತು ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ. ಖಾಲಿ ಟ್ಯಾಂಕಿನಲ್ಲೂ ಆವಿ ಇರುತ್ತದೆ ಎಂಬುದನ್ನು ಮರೆತು ವೆಲ್ಡಿಂಗ್‌ಗೆ ಮಾತ್ರ ಹಿಡಿಯಬೇಡಿ.

ಕಾನೂನನ್ನೂ ತಿಳಿದಿರಿ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಬಣ್ಣ ಬದಲಿಸಿದರೆ ಆರ್‌ಟಿಒದಲ್ಲಿ ದಾಖಲಿಸಬೇಕು. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಆ ನೋಂದಣಿಯ ಫಲಕ ಹಾಕಿದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ, ಪ್ರದರ್ಶನ, ರ್‍ಯಾಲಿಗಳಿಗೆ ಮಾತ್ರ. 1978ರಲ್ಲಿ ಬಂದ ಯೆಜ್ಡಿ ರೋಡ್‌ಕಿಂಗ್ 2028ರ ತನಕ ಕಾಯಬೇಕು.

ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಸೀಲು, ಬೇರಿಂಗು, ಬ್ರೇಕುಗಳಿಗೆ ಮೊದಲು ಖರ್ಚು ಮಾಡಿ. ಬಣ್ಣ, ಕ್ರೋಮ್ ಆಮೇಲೆ. ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಂದ ಊದಬೇಡಿ. ಆ ಕಾಲದ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುತ್ತಿತ್ತು. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ.