ಕಮಲದ ದಂಟೂ ಕೊಳದ ಆಳವೂ

ಬೀಜಗಣಿತವೆಂದೊಡನೆಯೇ ಕೆಲವು ಬಾಲಕಿಯರ ಮುಖವು ಬಾಡುವುದನ್ನು ನಾವು ಬಲ್ಲೆವು. ಈ ‘ಕ್ಷ’ವು ಅಡಿಗೆಗೆ ಬೇಕೆ, ಹೊಲಿಗೆಗೆ ಬೇಕೆ ಎಂದು ತಾಯಂದಿರೂ ಕೇಳುವುದುಂಟು. ಅಂಥವರ ಮುಂದೆ ಹಳೆಯದೊಂದು ಲೆಕ್ಕವನ್ನು ಇಡಲು ಬಯಸುತ್ತೇವೆ. ಇದು 1150ರಲ್ಲಿ ಭಾಸ್ಕರಾಚಾರ್ಯನು ರಚಿಸಿದ ‘ಲೀಲಾವತಿ’ಯಲ್ಲಿದೆ. (ಲೀಲಾವತಿಯು ಆತನ ಮಗಳೆಂಬ ಕಥೆಯು 1587ರ ಫೈಜಿಯ ಪಾರಸಿ ಭಾಷಾಂತರದಲ್ಲಿ ದೊರೆಯುತ್ತದೆ, ಗ್ರಂಥದ ಕೆಲವು ಲೆಕ್ಕಗಳು ಬಾಲೆಯೊಬ್ಬಳನ್ನು ಸಂಬೋಧಿಸಿ ಕೇಳಿದವುಗಳೆಂಬುದಂತೂ ನಿಜ.)

ಹಕ್ಕಿಗಳು ತುಂಬಿದ ಕೊಳವೊಂದರಲ್ಲಿ ಕಮಲದ ಮೊಗ್ಗು ನೀರಿನ ಮೇಲೆ ಒಂದು ಗೇಣು ಎದ್ದು ನಿಂತಿದೆ. ಗಾಳಿಯು ನೂಕಲು ಅದು ವಾಲುತ್ತ ಹೋಗಿ ಎರಡು ಮೊಳದಾಚೆ ಮುಳುಗಿತು. ಕೊಳದ ಆಳವೆಷ್ಟು?

ನೀರಿಗಿಳಿಯದೆ ಇದನ್ನು ಹೇಳುವುದೆಂತು? ಹಕ್ಕಿ, ಗಾಳಿ, ಹೂವಿನ ಚೆಲುವು ಎಲ್ಲವನ್ನೂ ಮರೆತು ಮೂರು ಗೆರೆಗಳನ್ನು ಮಾತ್ರ ಉಳಿಸಿಕೊಳ್ಳಬೇಕು. ಇದೇ ಗಣಿತದ ಮಾದರಿ. ಆಳವು ಒಂದು ಭುಜ. ನೀರಿನ ಮೇಲಣ ದೂರವು ಇನ್ನೊಂದು. ವಾಲಿದ ದಂಟೇ ಕರ್ಣ. ಆಳವನ್ನು ‘ಕ್ಷ’ ಗೇಣೆಂದಿಟ್ಟರೆ ದಂಟಿನ ಉದ್ದವು ಕ್ಷ + 1 ಗೇಣು. ಎರಡು ಮೊಳವೆಂದರೆ 4 ಗೇಣು. ಕರ್ಣದ ವರ್ಗವು ಉಳಿದೆರಡು ಭುಜಗಳ ವರ್ಗಗಳ ಮೊತ್ತಕ್ಕೆ ಸಮನಾದುದರಿಂದ,

(ಕ್ಷ + 1)² = ಕ್ಷ² + 16

ಎರಡು ಕಡೆಯ ಕ್ಷ²ವನ್ನು ತೆಗೆದರೆ 2ಕ್ಷ + 1 = 16; ಆದುದರಿಂದ ಆಳವು 7½ ಗೇಣು. ಗೇಣಿಗೆ 9 ಅಂಗುಲದಂತೆ ಇದು 5 ಅಡಿ 7½ ಅಂಗುಲವಾಯಿತು. ಹೂವಿನಾಸೆಗೆ ಇಳಿದ ಹುಡುಗಿಯ ತಲೆಯು ಮುಳುಗುವಷ್ಟು ನೀರು!

ಸಮೀಕರಣವನ್ನು ಬಿಡಿಸುವುದು ಸುಲಭ, ಕಟ್ಟುವುದೇ ಕಷ್ಟವೆಂಬುದು ನಮ್ಮ ಅನುಭವ. ಕಟ್ಟುವಾಗ ಸದ್ದಿಲ್ಲದೆ ಒಪ್ಪಿಕೊಂಡ ಮಾತುಗಳೂ ಇರುತ್ತವೆ. ದಂಟು ಕೋಲಿನಂತೆ ನೆಟ್ಟಗೇ ವಾಲಿತೆಂದು ನಾವು ಎಣಿಸಿದೆವಷ್ಟೆ. ಅದು ಬಿಲ್ಲಿನಂತೆ ಬಾಗಿದ್ದರೆ ಮೊಗ್ಗು ಇನ್ನೂ ಹತ್ತಿರದಲ್ಲಿಯೇ ಮುಳುಗುವುದು; ಆಗ ಲೆಕ್ಕದಲ್ಲಿ ಬಂದ ಆಳವು ನಿಜವಾದ ಆಳಕ್ಕಿಂತ ಕಡಮೆಯಾಗುವುದು. ಅಪಾಯವಿರುವುದು ಇಲ್ಲಿಯೇ.

ಅಳತೆಯಲ್ಲಿಯೂ ಎಚ್ಚರವಿರಬೇಕು. ದೂರವು 4 ಗೇಣಲ್ಲ, 4½ ಎಂದಾದರೆ ಆಳವು 9⅝ ಗೇಣಿಗೆ ಏರುತ್ತದೆ: ದಡದಲ್ಲಿ ನಿಂತು ಕಣ್ಣಳತೆಯಲ್ಲಿ ಅರ್ಧ ಗೇಣು ತಪ್ಪಿದರೆ, ಆಳದಲ್ಲಿ ಎರಡು ಗೇಣಿಗೂ ಮಿಕ್ಕಿದ ತಪ್ಪು. ಆದಕಾರಣ ಇಂಥ ಲೆಕ್ಕವನ್ನು ಮಾಡಿಸಿದಾಗಲೆಲ್ಲ ದೂರವನ್ನು ತುಸು ಬದಲಿಸಿ ಎರಡನೆಯ ಸಲವೂ ಮಾಡಿಸುತ್ತೇವೆ. ನಿಜವಾದ ಕೊಳವೇ ಎದುರಿಗಿದ್ದರೆ, ಉತ್ತರ ಬಂದ ಮೇಲೆಯೂ ಉದ್ದವಾದ ಬಿದಿರಗಳುವೊಂದನ್ನು ನೀರಿಗೆ ಇಳಿಬಿಟ್ಟು ನೋಡುವೆವು.