ಮಹಡಿಯ ಮೇಲೊಂದು ಮೊಳದುದ್ದದ ಆಲದ ಮರ

ಹಂಪಿಯ ಪಾಳು ಮಂಟಪಗಳ ಸಾಲಿನಲ್ಲಿ ನಡೆಯುತ್ತ ಕತ್ತೆತ್ತಿ ನೋಡಿದರೆ, ಕಲ್ಲುಗಳ ಸಂದಿಯಲ್ಲಿ ಎಲ್ಲಾದರೊಂದು ಕಡೆ ಅರಳಿಯ ಗಿಡವೋ ಆಲದ ಸಸಿಯೋ ಕಣ್ಣಿಗೆ ಬೀಳುತ್ತದೆ. ಹಕ್ಕಿಯೋ ಬಾವಲಿಯೋ ತಿಂದ ಹಣ್ಣಿನ ಬೀಜ ಹಿಕ್ಕೆಯ ಜೊತೆ ಬಿದ್ದು ಅಲ್ಲಿ ಮೊಳೆತಿರುತ್ತದೆ. ಹಿಡಿ ಮಣ್ಣಿಲ್ಲ, ಮಳೆ ಬಂದಾಗ ಇಳಿದದ್ದೇ ನೀರು. ಆದರೂ ಗಿಡ ಸಾಯುವುದಿಲ್ಲ. ಹಾಗೆಂದು ಮುಗಿಲೆತ್ತರ ಬೆಳೆಯುವುದೂ ಇಲ್ಲ. ವರ್ಷ ಕಳೆದಂತೆ ಬುಡ ದಪ್ಪಗಾಗುತ್ತದೆ, ಬೇರು ಕಲ್ಲನ್ನು ತಬ್ಬುತ್ತದೆ, ಮೊಳದುದ್ದದ ಗಿಡಕ್ಕೆ ಮುದಿಮರದ ಚಹರೆ ಬರುತ್ತದೆ.

ಬೋನ್ಸಾಯ್ ಎಂಬ ಕಲೆಯ ಮೂಲಪಾಠ ಇಷ್ಟೇ. ಕಲ್ಲಿನ ಸಂದಿ ಹಸಿವಿನಿಂದ ಮಾಡಿಸುವ ಕೆಲಸವನ್ನು ಇಲ್ಲಿ ಮನುಷ್ಯನ ಕೈ ಆರೈಕೆಯಿಂದ ಮಾಡಿಸುತ್ತದೆ. ಹೊಸಪೇಟೆ–ಬಳ್ಳಾರಿ ನಡುವೆ, ತೋರಣಗಲ್ಲಿನ ಮಗ್ಗುಲಲ್ಲಿರುವ ಕುರೆಕುಪ್ಪದಂಥ ಬಿಸಿಲೂರಿನಲ್ಲಿ ಈ ಹವ್ಯಾಸ ಸಾಧ್ಯವೇ ಎಂದು ಕೇಳುವವರಿದ್ದಾರೆ. ಸಾಧ್ಯ. ಆದರೆ ಮರಗಳು ಈ ನೆಲದವೇ ಆಗಿರಬೇಕು.

ತಟ್ಟೆಯಲ್ಲಿ ನೆಟ್ಟದ್ದು

ಜಪಾನಿ ಭಾಷೆಯಲ್ಲಿ ‘ಬೋನ್’ ಎಂದರೆ ತಟ್ಟೆ, ‘ಸಾಯ್’ ಎಂದರೆ ನೆಡುವುದು. ನಮ್ಮಲ್ಲಿ ಇದನ್ನು ವಾಮನ ವೃಕ್ಷ, ಕುಬ್ಜ ವೃಕ್ಷ ಎಂದೂ ಕರೆಯುತ್ತಾರೆ. ಹೆಸರು ಕೇಳಿ ಇದು ಗಿಡ್ಡ ತಳಿಯೊಂದರ ಗಿಡ ಎಂದುಕೊಳ್ಳುವವರು ಬಹಳ. ಹಾಗಿಲ್ಲ. ಬೆಂಗಳೂರಿನ ಹೊರವಲಯದ ಕೇತೋಹಳ್ಳಿಯಲ್ಲಿ ಸುಮಾರು ಮೂರು ಎಕರೆಗೆ ಹರಡಿರುವ ‘ದೊಡ್ಡ ಆಲದ ಮರ’ವೂ ತಟ್ಟೆಯಲ್ಲಿ ಕೂತ ಆಲವೂ ಒಂದೇ ಜಾತಿ. ತಟ್ಟೆಯ ಆಲವನ್ನು ಒಯ್ದು ಹೊಲದ ಬದುವಿನಲ್ಲಿ ನೆಟ್ಟರೆ ಅದೂ ಬಿಳಲು ಬಿಟ್ಟು ಹರಡುತ್ತದೆ. ಗಿಡ್ಡವಾಗಿರುವುದು ಮರದ ಗುಣವಲ್ಲ, ಸಾಕಿದ ರೀತಿ.

ಈ ಕಲೆ ಹುಟ್ಟಿದ್ದು ಚೀನಾದಲ್ಲಿ. ಅಲ್ಲಿ ಕ್ರಿ.ಶ. 706ರ ಕಾಲದ ರಾಜಕುಮಾರನೊಬ್ಬನ ಸಮಾಧಿಯ ಗೋಡೆಚಿತ್ರದಲ್ಲಿ, ಪುಟ್ಟ ಗಿಡ ಮತ್ತು ಕಲ್ಲುಗಳಿರುವ ತಟ್ಟೆಯನ್ನು ಸೇವಕಿಯೊಬ್ಬಳು ಹೊತ್ತು ನಿಂತಿದ್ದಾಳೆ. ಅಲ್ಲಿಂದ ಜಪಾನಿಗೆ ಹೋದ ಕಲೆ ಅಲ್ಲಿ ಶಾಸ್ತ್ರವೇ ಆಯಿತು. 1923ರ ಭೂಕಂಪದಲ್ಲಿ ಟೋಕಿಯೊ ನಲುಗಿದ ಮೇಲೆ ಅಲ್ಲಿನ ಬೆಳೆಗಾರರು ಒಮಿಯಾ ಎಂಬಲ್ಲಿಗೆ ಗುಳೆ ಹೋಗಿ 1925ರಲ್ಲಿ ಬೋನ್ಸಾಯ್ ಗ್ರಾಮವನ್ನೇ ಕಟ್ಟಿದರು. ಅದು ಇಂದಿಗೂ ಇದೆ.

ಈ ಮರಗಳ ಆಯುಸ್ಸು ಎಷ್ಟೆಂದು ತಿಳಿಯಲು ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿರುವ ಒಂದು ಬಿಳಿ ಪೈನ್ ಸಾಕು. ಅದು 1625ರಿಂದ ಕುಂಡದಲ್ಲಿ ಬೆಳೆದ ಮರ. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬ್ ಬಿದ್ದಾಗ, ಬಾಂಬ್ ಬಿದ್ದಲ್ಲಿಂದ ಸುಮಾರು ಮೂರು ಕಿಲೋಮೀಟರ್ ದೂರದ ಯಮಾಕಿ ಕುಟುಂಬದ ತೋಟದಲ್ಲಿತ್ತು. ಗೋಡೆಯೊಂದರ ಮರೆಯಲ್ಲಿದ್ದುದರಿಂದ ಉಳಿಯಿತು. ಮಸಾರು ಯಮಾಕಿ 1976ರಲ್ಲಿ ಅದನ್ನು ಅಮೆರಿಕಕ್ಕೆ ಉಡುಗೊರೆಯಾಗಿ ಕೊಟ್ಟರು. ಬಾಂಬಿನ ಸಂಗತಿಯನ್ನು ಆಗ ಯಾರೂ ಎತ್ತಲಿಲ್ಲ; 2001ರಲ್ಲಿ ಅವರ ಮೊಮ್ಮಕ್ಕಳು ಮರವನ್ನು ನೋಡಲು ಬಂದಾಗಲೇ ಅಲ್ಲಿನವರಿಗೆ ಅದು ತಿಳಿದದ್ದು.

ಮೈಸೂರಿನಲ್ಲೊಂದು ಕಿಷ್ಕಿಂಧೆ

ಕನ್ನಡ ನಾಡಿನಲ್ಲಿ ಬೋನ್ಸಾಯ್ ನೋಡಬೇಕೆನ್ನುವವರು ಮೊದಲು ಹೋಗಬೇಕಾದ್ದು ಮೈಸೂರಿನ ಅವಧೂತ ದತ್ತಪೀಠಕ್ಕೆ. ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಆಶ್ರಮದ ಆವರಣದಲ್ಲಿ ‘ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ’ವಿದೆ. 2016ರ ಡಿಸೆಂಬರ್‌ನಲ್ಲಿ ಅಲ್ಲಿ 2,649 ಬೋನ್ಸಾಯ್‌ಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಆಲ, ಅರಳಿ, ಅತ್ತಿಗಳಂಥ ನಮ್ಮ ಕಟ್ಟೆಮರಗಳು ತಟ್ಟೆಯಲ್ಲಿ ಹೇಗೆ ಮುಪ್ಪಾಗುತ್ತವೆ ಎಂಬುದನ್ನು ಕಣ್ಣಾರೆ ಕಾಣಲು ಅದಕ್ಕಿಂತ ಒಳ್ಳೆಯ ಜಾಗ ರಾಜ್ಯದಲ್ಲಿ ಸಿಗುವುದು ಕಷ್ಟ. ಬೆಂಗಳೂರಿನ ಲಾಲ್‌ಬಾಗ್‌ನಲ್ಲೂ ಬೋನ್ಸಾಯ್ ಉದ್ಯಾನವಿದೆ. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಅದನ್ನೂ ನೋಡಿ ಬರಬಹುದು.

ಮೈಸೂರಿನ ತೋಟಕ್ಕೆ ಕಿಷ್ಕಿಂಧೆ ಎಂಬ ಹೆಸರು ಬಂದದ್ದು ಈ ಸೀಮೆಯವರಿಗೆ ಹತ್ತಿರದ ಮಾತು. ರಾಮಾಯಣದ ಕಿಷ್ಕಿಂಧೆ ಎಂದು ಜನ ನಂಬಿಕೊಂಡು ಬಂದಿರುವುದು ಹಂಪಿ–ಆನೆಗೊಂದಿಯ ಬೆಟ್ಟಗಳನ್ನೇ. ಹೆಸರು ಇಲ್ಲಿಂದ ಅಲ್ಲಿಗೆ ಹೋಗಿದೆ. ಮರಗಳಿಗೆ ಬೇಕಾದ ಕಲ್ಲು, ಬಿಸಿಲು, ಆಲ, ಅರಳಿ ಇಲ್ಲಿಯೇ ಇವೆ.

ಬಿಸಿಲಿಗೆ ಬಾಗದ ಮರಗಳು

ಅಂಗಡಿಯಲ್ಲೋ ಮೊಬೈಲಿನಲ್ಲೋ ಬೋನ್ಸಾಯ್ ಹುಡುಕಿದವರಿಗೆ ಮೊದಲು ಕಾಣುವುದು ಪೈನ್, ಜೂನಿಪರ್‌ಗಳ ಚಿತ್ರ. ಅವು ತಂಪು ನಾಡಿನ ಮರಗಳು, ಅವಕ್ಕೆ ಚಳಿಗಾಲದ ವಿಶ್ರಾಂತಿ ಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಬಳ್ಳಾರಿ ಸೀಮೆಗೆ ತಂದರೆ ಹೆಚ್ಚು ದಿನ ಬಾಳವು. ಉಬ್ಬಿದ ಬೇರಿನ ಮೇಲೆ ಹಸಿರು ಎಲೆ ಹೊತ್ತ ‘ಫೈಕಸ್ ಜಿನ್ಸೆಂಗ್’ ಕೂಡ ಬೋನ್ಸಾಯ್ ಹೆಸರಿನಲ್ಲಿ ಮಾರಾಟವಾಗುತ್ತದೆ. ಅದು ಗಟ್ಟಿ ಗಿಡವೇ, ಆದರೆ ಅದನ್ನು ಕೊಂಡವರು ತಾವೇ ರೂಪಿಸುವ ಸುಖವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತಾರೆ.

ಹೊಸಬರಿಗೆ ಈ ನೆಲದಲ್ಲಿ ಒಲಿಯುವುದು ಅತ್ತಿಯ ಬಳಗ: ಆಲ, ಅರಳಿ, ಬಸರಿ, ಅತ್ತಿ. ಬೇರು ಕತ್ತರಿಸಿದರೂ ಕೊಂಬೆ ಕಡಿದರೂ ಮತ್ತೆ ಚಿಗುರುವ ಛಲ ಇವಕ್ಕಿದೆ. ಇವುಗಳಲ್ಲಿ ಅರಳಿಯ ಎಲೆ ಸುಲಭಕ್ಕೆ ಚಿಕ್ಕದಾಗುವುದಿಲ್ಲ. ಮೊದಲ ಗಿಡವಾಗಿ ಆಲ ಅಥವಾ ಬಸರಿ ಮೇಲು. ಎಲೆ ಹುಟ್ಟಿನಿಂದಲೇ ಸಣ್ಣದಿರುವ ಹುಣಸೆ, ಸೀಮೆಹುಣಸೆ ಕೂಡ ಚೆನ್ನಾಗಿ ಬರುತ್ತವೆ. ಬಣ್ಣ ಬೇಕೆನ್ನುವವರಿಗೆ ಕಾಗದದ ಹೂವಿನ ಬಳ್ಳಿ ಇದೆ. ಬಿಸಿಲು ಹೆಚ್ಚಿದಷ್ಟೂ ಅದು ಹೂವಾಗುತ್ತದೆ. ನೀರು ಹಾಕಲು ಮರೆಯುವವರಿಗೆ ದಪ್ಪ ಎಲೆಯ ಜೇಡ್ ಗಿಡ, ಬುಡದಲ್ಲೇ ನೀರು ಕೂಡಿಡುವ ಅಡೇನಿಯಂ ತಕ್ಕವು. ದಾಳಿಂಬೆ, ನಿಂಬೆ ಇಟ್ಟವರು ಒಂದು ಸಂಗತಿ ತಿಳಿದಿರಬೇಕು: ಬೋನ್ಸಾಯ್‌ನಲ್ಲಿ ಎಲೆ ಚಿಕ್ಕದಾಗುತ್ತದೆ, ಹಣ್ಣು ಚಿಕ್ಕದಾಗುವುದಿಲ್ಲ. ಗೇಣುದ್ದದ ಗಿಡದಲ್ಲಿ ಪೂರ್ತಿ ಗಾತ್ರದ ದಾಳಿಂಬೆ ತೂಗಿದರೆ ಕೊಂಬೆ ಸೀಳುತ್ತದೆ. ಒಂದೆರಡು ಕಾಯಿ ಬಿಟ್ಟು ಉಳಿದದ್ದು ಕೀಳಬೇಕು.

ಮಣ್ಣಿನ ಲೆಕ್ಕ

ತಟ್ಟೆಯಲ್ಲಿ ಗಿಡ ಸಾಯುವುದು ನೀರಿಲ್ಲದೆ ಎಷ್ಟೋ, ನೀರು ನಿಂತು ಅಷ್ಟೇ. ಬಳ್ಳಾರಿ ಬಯಲಿನ ಎರೆಮಣ್ಣು ಹತ್ತಿಗೆ, ಜೋಳಕ್ಕೆ ವರ. ಬೋನ್ಸಾಯ್ ತಟ್ಟೆಗೆ ಶಾಪ. ನೆನೆದಾಗ ಉಬ್ಬಿ ಅಂಟಾಗುತ್ತದೆ, ಒಣಗಿದಾಗ ಬಿರಿದು ಬೇರನ್ನು ಹರಿಯುತ್ತದೆ. ಸಂಡೂರಿನ ಕಡೆಯ ಕೆಮ್ಮಣ್ಣು ಮೇಲು, ಆದರೆ ಅದೊಂದೇ ಸಾಲದು.

ಪಳಗಿದವರ ಲೆಕ್ಕ ಹೀಗಿರುತ್ತದೆ: ಎರಡು ಪಾಲು ಇಟ್ಟಿಗೆ ಚೂರು ಅಥವಾ ದಪ್ಪ ಮರಳು, ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ಇಟ್ಟಿಗೆ ಚೂರು ಎರಡರಿಂದ ಐದು ಮಿಲಿಮೀಟರ್ ಗಾತ್ರದ್ದಿರಬೇಕು. ಸಣ್ಣ ಪುಡಿಯನ್ನು ಜರಡಿ ಹಿಡಿದು ಬಿಸಾಡಬೇಕು, ಇಲ್ಲವಾದರೆ ಅದೇ ಕೆಸರಾಗಿ ರಂಧ್ರ ಮುಚ್ಚುತ್ತದೆ. ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಕಂಪ್ಲಿಯ ಕಡೆ ಹೊಟ್ಟಿಗೆ ಬರವಿಲ್ಲ. ಆ ಹೊಟ್ಟನ್ನು ಬೂದಿಯಾಗದಂತೆ ಕಪ್ಪಗೆ ಸುಟ್ಟು ಒಂದು ಹಿಡಿ ಬೆರೆಸಿದರೆ ಮಣ್ಣು ಹಗುರಾಗುತ್ತದೆ, ತೇವವೂ ನಿಲ್ಲುತ್ತದೆ. ತಟ್ಟೆಗೆ ದುಬಾರಿ ಪಿಂಗಾಣಿಯೇ ಬೇಕೆಂದಿಲ್ಲ. ಮಡಕೆ ಮಾಡುವವರಿಗೆ ಹೇಳಿ, ತಳದಲ್ಲಿ ಎರಡು ದೊಡ್ಡ ರಂಧ್ರವಿರುವ ಆಳ ಕಡಿಮೆಯ ಮಣ್ಣಿನ ತಟ್ಟೆ ಮಾಡಿಸಿಕೊಂಡರಾಯಿತು.

ಅಳತೆಗೂ ಒಂದು ರೂಢಿ ಇದೆ. ಮರದ ಎತ್ತರ ಬುಡದ ದಪ್ಪದ ಆರು ಪಟ್ಟು. ಮೊದಲ ಕೊಂಬೆ ಎತ್ತರದ ಮೂರನೇ ಒಂದು ಭಾಗದಲ್ಲಿ. ತಟ್ಟೆಯ ಉದ್ದ ಮರದ ಎತ್ತರದ ಮೂರನೇ ಎರಡು ಭಾಗ. ತಟ್ಟೆಯ ಆಳ ಬುಡದ ದಪ್ಪದಷ್ಟು. ಕಟ್ಟುನಿಟ್ಟಿನ ಕಾನೂನಲ್ಲವಾದರೂ ಹೊಸಬರ ಕಣ್ಣಿಗೆ ಇದು ಅಳತೆಗೋಲಾಗುತ್ತದೆ.

ಮಿರಗದ ಮಳೆಗೆ ಬೇರು, ನಂತರ ಕತ್ತರಿ

ಬೇರು ಮುಟ್ಟುವ ಕೆಲಸಕ್ಕೆ ಕಾಲ ನೋಡಬೇಕು. ಈ ಭಾಗದಲ್ಲಿ ಅದಕ್ಕೆ ಹೇಳಿಮಾಡಿಸಿದ್ದು ಮಿರಗ, ಆರಿದ್ರಾ ಮಳೆಗಳ ದಿನಗಳು, ಅಂದರೆ ಜೂನ್ ಮತ್ತು ಜುಲೈ ಮೊದಲ ವಾರ. ಬಿಸಿಲು ತಗ್ಗಿ ಗಾಳಿಯಲ್ಲಿ ತೇವ ಬಂದಿರುತ್ತದೆ. ಗಿಡವನ್ನು ಕುಂಡದಿಂದ ಎತ್ತಿ, ಕಡ್ಡಿಯಿಂದ ಮಣ್ಣು ಬಿಡಿಸಿ, ನೇರ ಕೆಳಗಿಳಿದ ತಾಯಿಬೇರನ್ನು ಕತ್ತರಿಸಿ, ಉಳಿದ ಬೇರಿನಲ್ಲಿ ಮೂರನೇ ಒಂದು ಭಾಗದಷ್ಟು ಸವರಬೇಕು. ಸುತ್ತಲೂ ಹರಡಿದ ಸಣ್ಣ ಬೇರುಗಳನ್ನು ಮಾತ್ರ ಕಣ್ಣಿನಂತೆ ಕಾಯಬೇಕು. ಮರ ಕುಡಿಯುವುದು ಅವುಗಳಿಂದಲೇ. ಮತ್ತೆ ನೆಟ್ಟ ಮೇಲೆ ಗಿಡ ಅಲುಗದಂತೆ ತಂತಿಯಿಂದ ತಟ್ಟೆಗೆ ಕಟ್ಟಿ, ಎರಡು ಮೂರು ವಾರ ನೆರಳಲ್ಲಿಡಬೇಕು. ಎಳೆಯ ಗಿಡಕ್ಕೆ ಎರಡು ವರ್ಷಕ್ಕೊಮ್ಮೆ ಈ ಶುಶ್ರೂಷೆ.

ಮೇಲಿನ ಕೆಲಸ ಚಿವುಟುವುದು. ಹೊಸ ಚಿಗುರು ಆರೆಂಟು ಎಲೆ ಬಿಟ್ಟಾಗ ಎರಡು ಮೂರು ಎಲೆ ಉಳಿಸಿ ಸವರಿದರೆ, ಒಂದಿದ್ದಲ್ಲಿ ಎರಡು ಕವಲು ಒಡೆಯುತ್ತವೆ. ಇದನ್ನೇ ವರ್ಷಗಟ್ಟಲೆ ಮಾಡಿದಾಗ ಕೊಂಬೆ ದಟ್ಟವಾಗಿ, ಎಲೆ ಕಿರಿದಾಗಿ, ಗಿಡಕ್ಕೆ ಮರದ ನೆತ್ತಿ ಬರುತ್ತದೆ. ಅತ್ತಿ ಬಳಗದ ಗಿಡ ಕತ್ತರಿಸಿದಾಗ ಹಾಲು ಸುರಿಯುತ್ತದೆ. ಒದ್ದೆ ಬಟ್ಟೆಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ.

ಕೊಂಬೆ ಬಾಗಿಸಲು ಅಲ್ಯೂಮಿನಿಯಂ ತಂತಿ. ಕೊಂಬೆಯ ದಪ್ಪದ ಮೂರನೇ ಒಂದು ಭಾಗದಷ್ಟಿರುವ ತಂತಿಯನ್ನು 45 ಡಿಗ್ರಿ ಓರೆಯಲ್ಲಿ ಸುತ್ತಿ ಮೆಲ್ಲಗೆ ಬಾಗಿಸಬೇಕು. ಮಳೆಗಾಲದಲ್ಲಿ ಆಲದ ಕೊಂಬೆ ಬೇಗ ದಪ್ಪವಾಗುತ್ತದೆ. ವಾರಕ್ಕೊಮ್ಮೆ ನೋಡದಿದ್ದರೆ ತಂತಿ ತೊಗಟೆಯೊಳಗೆ ಹೂತು, ಆ ಗಾಯ ವರ್ಷಗಳ ಕಾಲ ಉಳಿಯುತ್ತದೆ. ತಂತಿಯನ್ನು ಬಿಚ್ಚುವಾಗ ಸುತ್ತು ಬಿಡಿಸುವ ಬದಲು ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು.

ಕಾದ ಮಹಡಿ, ಕೆಂಪು ಧೂಳು

ಬೋನ್ಸಾಯ್ ಟಿವಿಯ ಪಕ್ಕದಲ್ಲಿಡುವ ಅಲಂಕಾರದ ವಸ್ತುವಲ್ಲ. ಅದು ಮರ, ಅದಕ್ಕೆ ಬಿಸಿಲು ಬೇಕು. ಅತಿಥಿಗಳು ಬಂದಾಗ ಒಂದು ದಿನ ಒಳಗೆ ತಂದು ಮರುದಿನ ಹೊರಗಿಡುವುದು ಸರಿಯಾದ ಕ್ರಮ. ಆದರೆ ಬೇಸಿಗೆಯ ಆರ್‌ಸಿಸಿ ಮಹಡಿ ಕಾದ ಹೆಂಚಿನಂತಿರುತ್ತದೆ. ತಟ್ಟೆಯನ್ನು ಅದರ ಮೇಲೆಯೇ ಇಟ್ಟರೆ ಎಲೆಗಿಂತ ಮೊದಲು ಬೇರು ಬೇಯುತ್ತದೆ. ಇಟ್ಟಿಗೆ ಜೋಡಿಸಿ ಅದರ ಮೇಲೆ ಹಲಗೆ ಹಾಕಿ ತಟ್ಟೆ ಇಡಬೇಕು. ಮಾರ್ಚ್‌ನಿಂದ ಮೇ ಕೊನೆಯವರೆಗೆ ಶೇ 50ರ ಹಸಿರು ನೆರಳುಬಲೆ ಕಟ್ಟಬೇಕು.

ನೀರಿಗೆ ಗಡಿಯಾರ ನೋಡಬಾರದು, ಮಣ್ಣು ನೋಡಬೇಕು. ಬೆರಳು ಊರಿದಾಗ ಮೇಲ್ಪದರ ಒಣಗಿದ್ದರೆ, ತಳದ ರಂಧ್ರದಿಂದ ಸುರಿಯುವವರೆಗೆ ಹಾಕಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮಳೆಗಾಲದಲ್ಲಿ ಹಲವು ದಿನ ಬೇಡವೇ ಬೇಡ. ಕೊಳವೆಬಾವಿಯ ಗಡಸು ನೀರಿನಿಂದ ತಟ್ಟೆಯ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಮಳೆನೀರು ಹಿಡಿದಿಟ್ಟುಕೊಂಡವರಿಗೆ ಈ ತೊಂದರೆಯಿಲ್ಲ.

ಅದಿರಿನ ಸೀಮೆಗೆ ಇನ್ನೊಂದು ಕೆಲಸ ಹೆಚ್ಚು. ಲಾರಿಗಳು ಓಡಾಡುವ ರಸ್ತೆಯ ಬದಿಯ ಮನೆಗಳಲ್ಲಿ ಎಲೆಯ ಮೇಲೆ ಕೆಂಧೂಳು ಕೂರುತ್ತದೆ. ಧೂಳು ಮುಚ್ಚಿದ ಎಲೆಗೆ ಬೆಳಕು ಸಿಗದು. ವಾರಕ್ಕೆರಡು ಬಾರಿ ಸಂಜೆ ನೀರು ಚಿಮುಕಿಸಿ ಎಲೆಯ ಎರಡೂ ಬದಿ ತೊಳೆದರೆ ಗಿಡ ಉಸಿರಾಡುತ್ತದೆ, ಹಿಟ್ಟು ತಿಗಣೆಯ ಕಾಟವೂ ತಗ್ಗುತ್ತದೆ. ತಿಗಣೆ ಬಂದೇಬಿಟ್ಟರೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಒಂದಿಷ್ಟು ಸೋಪಿನ ನೀರು ಬೆರೆಸಿ ಸಿಂಪಡಿಸಬಹುದು. ಗೊಬ್ಬರಕ್ಕೆ ಬೇವಿನ ಹಿಂಡಿ, ಕಡಲೆ ಹಿಂಡಿ ಸಾಕು; ಬೆಳೆಯುವ ಕಾಲದಲ್ಲಿ ತಿಂಗಳಿಗೊಮ್ಮೆ ಒಂದು ಚಿಟಿಕೆ.

ಹಿಂಸೆಯ ಪ್ರಶ್ನೆ

ಮರವನ್ನು ಕುಂಡದಲ್ಲಿ ಕಟ್ಟಿಹಾಕುವುದು ಕ್ರೂರವಲ್ಲವೇ ಎಂಬ ಮಾತು ಹಳೆಯದು. ಹಸಿವಿನಲ್ಲಿಟ್ಟ ಮರ ನೂರು ವರ್ಷ ಬಾಳುವುದಿಲ್ಲ. ಬೋನ್ಸಾಯ್‌ಗೆ ವೇಳೆಗೆ ನೀರು, ಗೊಬ್ಬರ, ಹೊಸ ಮಣ್ಣು ಸಿಗುತ್ತವೆ. ಕತ್ತರಿಸಿದ ಬೇರಿನ ಜಾಗದಲ್ಲಿ ಎಳೆಬೇರು ಮೂಡಿ ಮರ ಹೊಸದಾಗುತ್ತದೆ. ನಿಜವಾದ ಹಿಂಸೆ ಇರುವುದು ಬೇರೆ ಕಡೆ: ಮೂರು ತಿಂಗಳು ಸಾಕಿ ಕೈಬಿಡುವುದರಲ್ಲಿ, ಮತ್ತು ಬೆಟ್ಟದ ಮರವನ್ನು ಬೇರುಸಹಿತ ಕಿತ್ತು ತರುವುದರಲ್ಲಿ. ಸಂಡೂರಿನ ಕಾಯ್ದಿಟ್ಟ ಅರಣ್ಯದಿಂದ ಗಿಡ ತರುವುದು ಅಪರಾಧ. ಹಂಪಿಯ ಸ್ಮಾರಕಗಳ ಮೇಲೆ ಹುಟ್ಟಿದ್ದನ್ನು ಮುಟ್ಟುವುದೂ ಸಲ್ಲದು. ಆ ಬೇರುಗಳು ಕಲ್ಲನ್ನೇ ಸರಿಸುವುದರಿಂದ ಅವನ್ನು ತೆಗೆಯಲೇಬೇಕು, ಆದರೆ ಆ ಕೆಲಸ ಪುರಾತತ್ವ ಇಲಾಖೆಯ ಪಳಗಿದ ಕೈಗಳದ್ದು.

ಗಿಡಕ್ಕಾಗಿ ಅಷ್ಟು ದೂರ ಹೋಗಬೇಕಾದ ಅಗತ್ಯವೂ ಇಲ್ಲ. ಕುರೆಕುಪ್ಪದಲ್ಲಾಗಲಿ ತೋರಣಗಲ್ಲಿನಲ್ಲಾಗಲಿ, ಯಾವ ಹಳೆಯ ಮನೆಯ ನೀರಿನ ತೊಟ್ಟಿಯ ಹಿಂದೆ, ಬಚ್ಚಲ ಕೊಳವೆಯ ಪಕ್ಕ, ಬಾವಿಕಟ್ಟೆಯ ಬಿರುಕಿನಲ್ಲಿ ಹುಡುಕಿದರೂ ಒಂದು ಆಲವೋ ಬಸರಿಯೋ ಸಿಗುತ್ತದೆ. ಬಿಟ್ಟರೆ ಅದು ಗೋಡೆ ಸೀಳುತ್ತದೆ, ಕಿತ್ತರೆ ತಿಪ್ಪೆ ಸೇರುತ್ತದೆ. ಈ ಬೇಸಿಗೆಯಲ್ಲೇ ಅಂಥದ್ದೊಂದನ್ನು ಗುರುತು ಮಾಡಿಟ್ಟುಕೊಳ್ಳಿ, ಇಟ್ಟಿಗೆ ಚೂರು ಜರಡಿ ಹಿಡಿದಿಡಿ, ಒಂದು ಮಣ್ಣಿನ ತಟ್ಟೆ ಮಾಡಿಸಿ. ಮಿರಗದ ಮಳೆ ಬಿದ್ದ ಮರುದಿನ ಗೋಡೆ ನೆನೆದಿರುವಾಗ ಬೇರು ಹರಿಯದಂತೆ ಬಿಡಿಸಿ ತಂದು ನೆಡಿ.