ಸೈಕಲ್ಲಿನ ಮೇಲೆ ಕುಂಬಾರರ ಊರು: ಜಪಾನಿನ ಮಾಶಿಕೊ



ಕುಂಬಾರರ ಊರೊಂದನ್ನು ನೋಡಲು ಪಟ್ಟಣದ ಜನ ರೈಲು ಹತ್ತಿ ಬಂದು, ಬಾಡಿಗೆ ಸೈಕಲ್ಲು ಹಿಡಿದು, ದಿನವಿಡೀ ಸುತ್ತಿ, ಚೀಲ ತುಂಬ ಪಾತ್ರೆ ಕೊಂಡು ಹೋಗುತ್ತಾರೆಂದರೆ ಆಶ್ಚರ್ಯವೆನಿಸಬಹುದು. ಜಪಾನಿನ ಮಾಶಿಕೊ ಅಂಥ ಊರು. ಇದು ಟೋಕಿಯೋ ನಗರದಿಂದ ಸುಮಾರು 100 ಕಿಲೋಮೀಟರು ದೂರದಲ್ಲಿದೆ. ಸುತ್ತಲೂ ಭತ್ತದ ಗದ್ದೆ, ಕಾಡುಗುಡ್ಡ.

ಸೈಕಲ್ಲೇ ಏಕೆ?

ಪಾತ್ರೆಯ ಅಂಗಡಿಗಳು ಹೆಚ್ಚಾಗಿ ಒಂದೇ ಬೀದಿಯಲ್ಲಿವೆ. ಆದರೆ ಕುಂಬಾರರ ಕೆಲಸದ ಮನೆಗಳು ಗದ್ದೆಗಳ ನಡುವೆ, ಗುಡ್ಡದ ಮಗ್ಗುಲಲ್ಲಿ ಹರಡಿವೆ. ನಡೆದು ಹೋದರೆ ಹೊತ್ತು ಸಾಲದು. ಕಾರಿನಲ್ಲಿ ಹೋದರೆ ಯಾವುದೂ ಸರಿಯಾಗಿ ಕಾಣದು. ದಾರಿ ಬಲ್ಲವರೊಬ್ಬರು ಮುಂದೆ, ಉಳಿದವರು ಸಾಲಾಗಿ ಹಿಂದೆ ಸಾಗಿದರೆ ಎಲ್ಲವನ್ನೂ ನಿಂತು ನೋಡಬಹುದು, ಕೇಳಬಹುದು. ಯಾರ ಮನೆಯೊಳಗೆ ಹೋಗಬಹುದು, ಯಾರ ಕೆಲಸಕ್ಕೆ ಅಡ್ಡಿಮಾಡಬಾರದು ಎಂಬುದು ಊರು ಬಲ್ಲವರಿಗೇ ಗೊತ್ತು.

ಮಣ್ಣು ಮತ್ತು ಲೇಪ

ಇಲ್ಲಿ ಈ ಕಸುಬು 1853ರಲ್ಲಿ ಮೊದಲಾಯಿತು. ಒತ್ಸುಕ ಕೇಯಿಜಬುರೊ ಎಂಬುವರು ನೆರೆಯ ಕಸಾಮದಲ್ಲಿ ಕೆಲಸ ಕಲಿತು ಬಂದು ಆವಿಗೆ ಹೂಡಿದರು. ಇಲ್ಲಿಯ ಜೇಡಿಮಣ್ಣು ಒರಟು. ಅದರಲ್ಲಿ ಕಬ್ಬಿಣದ ಅಂಶ ಹೆಚ್ಚು. ತೆಳುವಾದ ಪಾತ್ರೆಗೆ ಅದು ಒಗ್ಗದು. ಆದ್ದರಿಂದ ದಪ್ಪನೆಯ ನೀರಿನ ಹಂಡೆ, ಅರೆಯುವ ಬಟ್ಟಲು, ಚಹದ ಪಾತ್ರೆಗಳನ್ನು ಮಾಡಿದರು. ಮಣ್ಣಿನ ದೋಷವೇ ಪಾತ್ರೆಯ ಗುಣವಾಯಿತು.

ಮೆರುಗಿನ ಲೇಪವೂ ಊರಿನದೇ. ಸ್ಥಳೀಯ ಕಲ್ಲನ್ನು ಪುಡಿಮಾಡಿ ಬಳಿದರೆ ಕೆಂಗಂದು ಬಣ್ಣ ಬರುತ್ತದೆ. ಭತ್ತದ ಹೊಟ್ಟನ್ನು ಸುಟ್ಟ ಬೂದಿಯನ್ನು ಬೆರೆಸಿದರೆ ಹಾಲಿನಂಥ ಬಿಳುಪು ಬರುತ್ತದೆ. ಹೊಟ್ಟಿನ ಬೂದಿಯಲ್ಲಿ ಮರಳಿನ ಸತ್ವ ಹೇರಳವಾಗಿರುವುದೇ ಇದಕ್ಕೆ ಕಾರಣ. ಗದ್ದೆಯ ಕಸ ಹೀಗೆ ಪಾತ್ರೆಯ ಒಡವೆಯಾಗುತ್ತದೆ.

ಗುಡ್ಡ ಹತ್ತುವ ಆವಿಗೆ

ಸೈಕಲ್ಲು ನಿಲ್ಲಿಸಿ ನೋಡಲೇಬೇಕಾದದ್ದು ಹಳೆಯ ಆವಿಗೆ. ಇಳಿಜಾರಿನಲ್ಲಿ ಒಂದರ ಮೇಲೊಂದರಂತೆ ಇಟ್ಟಿಗೆಯ ಕೋಣೆಗಳು. ಕೆಳಗೆ ಸೌದೆ ಹಾಕಿ ಬೆಂಕಿ ಮಾಡಿದರೆ ಬಿಸಿ ತಾನಾಗಿ ಮೇಲೇರುತ್ತದೆ. ಮೊದಲ ಕೋಣೆಯಲ್ಲಿ ಉಳಿದ ಶಾಖ ಎರಡನೆಯದನ್ನು ಕಾಯಿಸುತ್ತದೆ, ಎರಡನೆಯದು ಮೂರನೆಯದನ್ನು. ಶಾಖ ಸುಮಾರು 1,200ರಿಂದ 1,300 ಡಿಗ್ರಿ ಸೆಂಟಿಗ್ರೇಡಿಗೆ ಏರುತ್ತದೆ. ಇಂದು ಅನೇಕರು ಅನಿಲದ ಆವಿಗೆ ಬಳಸುತ್ತಾರೆ.

ಕಸುಬು ಉಳಿದ ಬಗೆ

ನಗರದ ಅಡಿಗೆಮನೆಗೆ ಲೋಹದ ಪಾತ್ರೆ ಬಂದಾಗ ಮಾಶಿಕೊದ ಹಂಡೆಗಳಿಗೆ ಬೇಡಿಕೆ ಕುಗ್ಗಿತು. ಆಗ, 1924ರಲ್ಲಿ, ಹಮಾದಾ ಶೋಜಿ ಎಂಬ ಕುಂಬಾರರು ಇಲ್ಲಿಗೆ ಬಂದು ನೆಲೆಸಿದರು. ಅದೇ ಮಣ್ಣು, ಅದೇ ಲೇಪ. ಆದರೆ ಹೊಸ ಕಾಲಕ್ಕೆ ಬೇಕಾದ ತಟ್ಟೆ, ಬಟ್ಟಲು, ಹೂದಾನಿಗಳನ್ನು ಮಾಡಿದರು. 1955ರಲ್ಲಿ ಸರ್ಕಾರ ಅವರ ಕಸುಬನ್ನು ರಾಷ್ಟ್ರದ ಸಂಪತ್ತೆಂದು ಗೌರವಿಸಿತು. ಅವರ ಹಳೆಯ ಮನೆ, ಆವಿಗೆಗಳು ಈಗ ವಸ್ತುಸಂಗ್ರಹಾಲಯದಲ್ಲಿವೆ. 1966ರಿಂದ ಊರಿನಲ್ಲಿ ಪಾತ್ರೆಗಳ ಜಾತ್ರೆ ನಡೆಯುತ್ತ ಬಂದಿದೆ. ಈಗ ಅದು ವಸಂತದಲ್ಲೊಮ್ಮೆ, ಶರತ್ಕಾಲದಲ್ಲೊಮ್ಮೆ ಸೇರುತ್ತದೆ.

2011ರ ಮಾರ್ಚ್ 11ರ ಭೂಕಂಪದಲ್ಲಿ ಊರಿನ ಅನೇಕ ಆವಿಗೆಗಳು ಕುಸಿದವು. ಹಮಾದಾ ಅವರ ಆವಿಗೆಯೂ ಜಖಂಗೊಂಡಿತು. ಕುಂಬಾರರು ಎದೆಗುಂದಲಿಲ್ಲ. ಅದನ್ನು ದುರಸ್ತಿ ಮಾಡಿ, 2015ರಲ್ಲಿ ಹಲವರು ಕೂಡಿ ತಮ್ಮ ತಮ್ಮ ಪಾತ್ರೆಗಳನ್ನು ಅದರಲ್ಲೇ ಸುಟ್ಟರು.

ನಾವು ತಿಳಿಯಬೇಕಾದದ್ದು

1. ಕಾಲಡಿಯ ಮಣ್ಣು, ಗದ್ದೆಯ ಹೊಟ್ಟು ಸಹ ಬಲ್ಲವನ ಕೈಯಲ್ಲಿ ಬೆಲೆ ಪಡೆಯುತ್ತವೆ.

2. ಬೇಡಿಕೆ ಬದಲಾದಾಗ ಕಸುಬನ್ನು ಬಿಡದೆ ಸರಕನ್ನು ಬದಲಿಸಬೇಕು.

3. ಕೊಳ್ಳುವವನಿಗೆ ಕೆಲಸವನ್ನು ಕಣ್ಣಾರೆ ತೋರಿಸಿದರೆ ಅವನು ಬೆಲೆಯನ್ನು ಜಗ್ಗುವುದು ಕಡಿಮೆ.

ಸಂಜೆ ಸೈಕಲ್ಲು ಹಿಂತಿರುಗಿಸಿ ರೈಲು ಹತ್ತುವವನ ಕೈಯಲ್ಲಿ ಒಂದು ಬಟ್ಟಲಿರುತ್ತದೆ. ಅದರ ಮಣ್ಣು ಯಾವುದು, ಬೂದಿ ಯಾವುದು, ಸುಟ್ಟವರು ಯಾರು ಎಂಬುದು ಅವನಿಗೆ ಗೊತ್ತಿರುತ್ತದೆ. ಅಂಥ ಬಟ್ಟಲನ್ನು ಅವನು ಜೋಪಾನ ಮಾಡುತ್ತಾನೆ. ಒಡೆದರೆ ಇನ್ನೊಂದಕ್ಕಾಗಿ ಅದೇ ಊರಿಗೆ ಬರುತ್ತಾನೆ.